ಏಕನಾಥರ ಎಳ್ಳುಬೆಲ್ಲದ ಪ್ರಕರಣ

ಮೇಷ್ಟರಿಗೆ ಹುಡುಗರೇ ಮಾರ್ಕ್ಸು ಹಾಕುವ ಕಾಲ ಬರುತ್ತದೆಂದು ಯಾವ ಪಂಚಾಂಗದವನೂ ಬರೆದಿರಲಿಲ್ಲ. ಆದರೂ ಬಂತು. ಗ್ರಹಚಾರ ಹೇಳಿ ಕೇಳಿ ಬರುತ್ತದೆಯೇ? ಗ್ರೇಟರ್ ನೋಯ್ಡಾದಲ್ಲಿ, ಮೊನ್ನೆ ಮೊನ್ನೆಯವರೆಗೂ ಸಾಸಿವೆ ಹೊಲವಾಗಿದ್ದ ಕಡೆ ಎದ್ದು ನಿಂತ ಖಾಸಗಿ ಇಂಜಿನಿಯರಿಂಗ್ ಕಾಲೇಜೊಂದಕ್ಕೆ ಅದು ಬಂದು ವಕ್ಕರಿಸಿದ್ದು 2006ರ ಸುಮಾರಿಗೆ. ಕಾಲೇಜಿನ ಹೆಸರು ಬೇಡ. ಆ ರಸ್ತೆಯಲ್ಲಿ ಅಂಥವು ಸಾಲಾಗಿ ನಿಂತಿವೆ, ಯಾವುದಾದರೇನು.

ಆ ಕಾಲೇಜಿನಲ್ಲಿ ಏಕನಾಥರು ಗಣಿತ ಹೇಳಿಕೊಡುತ್ತಿದ್ದರು. ಐವತ್ತರ ಹತ್ತಿರದ ಮನುಷ್ಯ, ದಾವಣಗೆರೆ ಕಡೆಯವರು. ಹೆಂಡತಿ ವಿಮಲಾ ಕೇಂದ್ರ ಸರ್ಕಾರದ ಕಚೇರಿಯೊಂದರಲ್ಲಿ ಅಸಿಸ್ಟೆಂಟು. ಲೋಧಿ ಕಾಲೋನಿಯ ಕ್ವಾರ್ಟರ್ಸು ಆಕೆಯ ಹೆಸರಿನಲ್ಲಿತ್ತು, ಗ್ಯಾಸು ಆಕೆಯ ಹೆಸರಿನಲ್ಲಿತ್ತು, ಏಕನಾಥರ ಹೆಸರಿನಲ್ಲಿ ಇದ್ದದ್ದು ಆ ನೌಕರಿಯೊಂದೇ. ಅದೂ ಖಾಯಂ ಅಲ್ಲ. ಪ್ರತಿ ಬೇಸಿಗೆಯಲ್ಲಿ ಇನ್ನೊಂದು ವರ್ಷ ಇರಬಹುದು ಎಂದು ಕಾಗದ ಬರುತ್ತಿತ್ತು. ಆ ಕಾಗದ ಬರುವವರೆಗೂ ಅವರು ಮನೆಯಲ್ಲಿ ಜೋರಾಗಿ ಕೆಮ್ಮುತ್ತಲೂ ಇರಲಿಲ್ಲ.

ಆ ವರ್ಷ ಹೊಸ ಡೈರೆಕ್ಟರ್ ಸಬರ್‌ವಾಲ್ ಸಾಹೇಬರು ಬಂದರು. ಬಂದವರೇ ಗುತ್ತಿಗೆಯ ಮೇಷ್ಟರುಗಳ ವಿಚಾರವನ್ನು ಒಂದೇ ಏಟಿಗೆ ತೀರ್ಮಾನ ಮಾಡಿಬಿಟ್ಟರು. ಹುಡುಗರು ಪ್ರತಿ ಮೇಷ್ಟರಿಗೂ ಐದಕ್ಕೆ ಎಷ್ಟು ಎಂದು ಅಂಕ ಕೊಡುತ್ತಾರೆ. ಮೂರರ ಮೇಲೆ ಬಂದವರು ಮಾರ್ಚಿಯಲ್ಲಿ ಖಾಯಂ. ಕೆಳಗೆ ಬಂದವರು ಮಾರ್ಚಿಯಲ್ಲೇ ಮನೆಗೆ. ಮೊದಲ ಸಲ ಪರೀಕ್ಷಾರ್ಥ ಅಂಕ ತೆಗೆದಾಗ ಏಕನಾಥರಿಗೆ ಬಂದದ್ದು ಎರಡು ಪಾಯಿಂಟ್ ಎರಡು.

ಇಡೀ ಜೀವಮಾನ ಬೇರೆಯವರನ್ನು ಫೇಲು ಮಾಡಿಕೊಂಡು ಬಂದ ಮನುಷ್ಯನಿಗೆ ತಾನೇ ಫೇಲಾಗುವುದು ಹೇಗಿರುತ್ತದೆ ಎಂದು ಗೊತ್ತಿರಲಿಲ್ಲ. ಅವರು ಸಂಜೆ ಮನೆಗೆ ಬಂದು, ಶೂ ಬಿಚ್ಚದೆ ಕುರ್ಚಿಯಲ್ಲಿ ಕೂತರು. ಏನಾಯಿತೆಂದು ವಿಮಲಾ ಕೇಳಿದರು. ರಿಸಲ್ಟು ಬಂತು ಅಂದರು. ಹನ್ನೆರಡನೆಯ ಕ್ಲಾಸಿನ ಮಗಳು ಗಗನಾ ತನ್ನದೇ ರಿಸಲ್ಟು ಇರಬೇಕೆಂದು ಹೆದರಿ ಪುಸ್ತಕ ಹಿಡಿದು ಒಳಗೆ ಓಡಿದಳು.

ಸಬರ್‌ವಾಲ್ ಸಾಹೇಬರು ಸುಮ್ಮನಿರುವವರಲ್ಲ. ಗುಡಗಾಂವಿನಿಂದ ಒಬ್ಬ ತಜ್ಞನನ್ನು ಕರೆಸಿ, ಹುಡುಗರು ಕೊಡುವ ಅಂಕವನ್ನು ಏರಿಸುವ ಇಳಿಸುವ ಕಾರಣಗಳು ಯಾವುವು ಎಂದು ಮೇಷ್ಟರುಗಳಿಗೆಲ್ಲ ಭಾಷಣ ಮಾಡಿಸಿದರು. ಪರದೆಯ ಮೇಲೆ ಬಣ್ಣಬಣ್ಣದ ಕಂಬಗಳು ಎದ್ದವು. ನೋಡಲು ಚೆನ್ನಾಗಿರುವವರಿಗೆ ಹೆಚ್ಚು. ನಗುವವರಿಗೆ ಹೆಚ್ಚು. ಪರೀಕ್ಷೆಯಲ್ಲಿ ಕೈ ಸಡಿಲ ಬಿಡುವವರಿಗೆ ಇನ್ನೂ ಹೆಚ್ಚು. ಬೆಳಗಿನ ಮೊದಲ ಗಂಟೆಯವರಿಗೆ ಕಡಿಮೆ, ಕ್ಲಾಸಿನಲ್ಲಿ ಹುಡುಗರು ಜಾಸ್ತಿಯಿದ್ದರೆ ಕಡಿಮೆ, ಕಡ್ಡಾಯದ ವಿಷಯವಾದರೆ ಕಡಿಮೆ, ಗಣಿತದವರಿಗಂತೂ ಪ್ರಪಂಚದಾದ್ಯಂತ ಕಡಿಮೆ. ಏಕನಾಥರು ಕಡಿಮೆಯವನ್ನೆಲ್ಲ ಬೆರಳು ಮಡಿಸಿ ಎಣಿಸಿದರು. ಒಂದೂ ತಪ್ಪಿರಲಿಲ್ಲ. ಕೈಯೆತ್ತಿ, ಹಾಗಾದರೆ ಗಣಿತದವರಿಗೆ ಪಾಸಾಗಲು ಎರಡೇ ಸಾಕೆಂದು ಮಾಡಬಹುದಲ್ಲ ಎಂದು ಕೇಳಿದರು. ಸಭೆ ಗೊಳ್ಳೆಂದು ನಕ್ಕಿತು. ಈ ಹಾಸ್ಯವನ್ನು ಕ್ಲಾಸಿನಲ್ಲಿ ತೋರಿಸಿ ಪ್ರೊಫೆಸರ್ ಸಾಹೇಬ್, ಇಲ್ಲಿ ಅಲ್ಲ ಎಂದರು ಡೈರೆಕ್ಟರು.

ಪಕ್ಕದ ಮೇಜಿನ ತ್ಯಾಗಿ ಒಳ್ಳೆಯ ಮಾತಿನ ಮಲ್ಲ. ಮೆಕ್ಯಾನಿಕಲ್ಲಿನವನು, ಮೂರು ಪಾಯಿಂಟ್ ಒಂಬತ್ತು ತೆಗೆದಿದ್ದ. ಅವನು ಏಕನಾಥರಿಗೆ ಉಚಿತವಾಗಿ ಉಪದೇಶ ಕೊಟ್ಟ. ಮುಖ ನಗುಮುಖ ಇರಲಿ, ಆಗಾಗ ಒಂದು ಜೋಕು ಇರಲಿ, ಸಾಕು. ಏಕನಾಥರು ಮರುದಿನ ನಗುತ್ತಾ ಕ್ಲಾಸಿಗೆ ಹೋದರು. ಮೊದಲ ಬೆಂಚಿನ ಹುಡುಗ ಸರ್ ಹಲ್ಲುನೋವೇ ಎಂದು ವಿಚಾರಿಸಿಕೊಂಡ. ಆಮೇಲೆ ಅವರು ವಿಮಲಾಗೆ ಎರಡು ಸಲ ಹೇಳಿ ಅಭ್ಯಾಸ ಮಾಡಿಕೊಂಡಿದ್ದ ಜೋಕು ಹೇಳಿದರು. ಹುಡುಗರು ಅದನ್ನು ನೋಟ್ಸಿನಲ್ಲಿ ಬರೆದುಕೊಂಡು, ಇದು ಪರೀಕ್ಷೆಗೆ ಬರುತ್ತದಾ ಎಂದು ಕೇಳಿದರು. ಅಲ್ಲಿಗೆ ಹಾಸ್ಯದ ಅಧ್ಯಾಯ ಮುಗಿಯಿತು.

ಇಷ್ಟರಲ್ಲಿ ಸಂಕ್ರಾಂತಿ ಬಂತು.

ದೆಹಲಿಯ ಸಂಕ್ರಾಂತಿ ಎಂದರೆ ಸೂರ್ಯನ ಹಬ್ಬವನ್ನು ಸೂರ್ಯನಿಲ್ಲದೆ ಮಾಡುವುದು. ಎದುರಿನ ಬೇವಿನ ಮರ ಕೂಡ ಕಾಣದಷ್ಟು ಮಂಜು. ಆದರೂ ವಿಮಲಾ ಊರಿನ ಕ್ರಮ ಬಿಟ್ಟವರಲ್ಲ. ವಾರದಿಂದ ಕಚೇರಿಯಿಂದ ಬಂದು ಸ್ವೆಟರಿನ ಮೇಲೆ ಶಾಲು ಹೊದ್ದು ಕೂತು ಕೊಬ್ಬರಿ, ಬೆಲ್ಲ ಹೆಚ್ಚಿದರು, ಎಳ್ಳು ಹುರಿದರು, ಕಡಲೆಬೀಜ ಹುರಿದು ಸಿಪ್ಪೆ ಊದಿದರು, ಸಕ್ಕರೆ ಅಚ್ಚು ಹಾಕಿದರು. ಪ್ರತಿ ವರ್ಷ ಕಾಲೋನಿಯ ಕನ್ನಡದ ಮನೆಗಳಿಗೆಲ್ಲ ಗಗನಾ ಹೋಗಿ ಎಳ್ಳು ಬೀರಿ ಬರುತ್ತಿದ್ದಳು. ಈ ಸಲ ಅವಳು, ಮಮ್ಮೀ, ಮೇರಾ ಪ್ರೀ ಬೋರ್ಡ್ ಎಕ್ಸಾಮ್ ಹೈ, ನನಗೆ ಟೈಮ್ ಇಲ್ಲ ಎಂದು ಖಂಡಿತವಾಗಿ ಹೇಳಿದಳು. ಪೊಟ್ಟಣಗಳು ಒಂದು ಚೀಲದ ತುಂಬ ಕೂತಿದ್ದವು. ವಿಮಲಾ ಗಂಡನ ಕೈಗೆ ಚೀಲ ಕೊಟ್ಟು, ಕಾಲೇಜಿನಲ್ಲಿ ಕೊಟ್ಟು ಬನ್ನಿ ಅಂದರು. ಗಂಡಸರು ಎಳ್ಳು ಬೀರುವುದುಂಟೇ ಎಂದರು ಏಕನಾಥರು. ಗಂಡಸರು ಕೊಬ್ಬರಿ ಹೆಚ್ಚುವುದೂ ಇಲ್ಲ, ಅದಕ್ಕೇ ಹೇಳುತ್ತಿದ್ದೇನೆ ಎಂದರು ವಿಮಲಾ.

ಆಶ್ರಮ ಎಂಬ ಚೌಕದಲ್ಲಿ ಕಾಲೇಜು ಬಸ್ಸು ಹತ್ತಿ, ಯಮುನೆ ದಾಟಿದ್ದೂ ಗೊತ್ತಾಗದೆ, ಮಂಕಿ ಕ್ಯಾಪಿನೊಳಗೆ ತೂಕಡಿಸುತ್ತಾ ಏಕನಾಥರು ಕಾಲೇಜಿಗೆ ಹೋದರು. ಸ್ಟಾಫ್ ರೂಮಿನಲ್ಲಿ ಅರ್ಧ ಜನ ಮಂಜಿನ ನೆಪದಲ್ಲಿ ಬಂದಿರಲಿಲ್ಲ. ಬಂದವರಲ್ಲಿ ಅರ್ಧ ಜನಕ್ಕೆ ಸಕ್ಕರೆ ಕಾಯಿಲೆ. ತ್ಯಾಗಿ ಒಂದು ಪೊಟ್ಟಣ ತೆಗೆದುಕೊಂಡು, ಎಳ್ಳು ಆರಿಸಿ ಪಕ್ಕಕ್ಕಿಟ್ಟು ಕೊಬ್ಬರಿ ತಿಂದ. ಚೀಲವನ್ನು ಹಾಗೇ ಮನೆಗೆ ಕೊಂಡುಹೋದರೆ ವಿಮಲಾ ಮುಖ ಹೇಗಾಗುತ್ತದೆ ಎಂದು ಗೊತ್ತಿದ್ದ ಏಕನಾಥರು, ಅದನ್ನೆತ್ತಿಕೊಂಡೇ ಮೊದಲ ಗಂಟೆಯ ಕ್ಲಾಸಿಗೆ ಹೋದರು.

ಹಾಸ್ಟೆಲಿನ ಹುಡುಗರು ತಿಂಡಿ ಸಿಗದೆ, ಕೈಗಳನ್ನು ಕಂಕುಳಲ್ಲಿಟ್ಟುಕೊಂಡು ನಡುಗುತ್ತಾ ಕೂತಿದ್ದರು. ಏಕನಾಥರು ಬೆಂಚಿನಿಂದ ಬೆಂಚಿಗೆ ಹೋಗಿ ಕೈಯಾರೆ ಪೊಟ್ಟಣ ಕೊಟ್ಟರು. ಎಳ್ಳು ಕೊಟ್ಟ ಮೇಲೆ ಹೇಳುವ ಮಾತು ಹೇಳದಿದ್ದರೆ ಕೊಟ್ಟ ಹಾಗಾಗುವುದಿಲ್ಲವಲ್ಲ. ಎಳ್ಳುಬೆಲ್ಲ ತಿಂದು ಒಳ್ಳೆಯ ಮಾತಾಡಿ ಎನ್ನುವುದನ್ನು ಚಿಕ್ಕಂದಿನಿಂದ ಕೇಳಿದವರು, ಅದನ್ನೇ ಹಿಂದಿಗೆ ತಿರುಗಿಸಿ ಹೇಳಿದರು.

"ಯೇ ಖಾವೋ, ಔರ್ ಅಚ್ಛಾ ಅಚ್ಛಾ ಬೋಲೋ."

ಹುಡುಗರು ತಲೆಯಾಡಿಸಿದರು. ಯಾರ ಬಗ್ಗೆ ಒಳ್ಳೆಯ ಮಾತು ಎಂದು ಅವರು ಕೇಳಲಿಲ್ಲ, ಇವರು ಹೇಳಲಿಲ್ಲ. ಆ ಹೊತ್ತಿಗೆ ಬಾಗಿಲು ತಳ್ಳಿಕೊಂಡು ಜವಾನ ಒಳಗೆ ಬಂದ. ಅವನ ಕೈಯಲ್ಲಿ ಮೇಷ್ಟರಿಗೆ ಅಂಕ ಕೊಡುವ ಫಾರಮ್ಮುಗಳಿದ್ದವು. ಈ ದಿನ ಅಂಕ ತೆಗೆಯಲಾಗುತ್ತದೆ ಎಂದು ಎರಡು ದಿನದಿಂದ ಬೋರ್ಡಿನ ಮೇಲೆ ನೋಟೀಸು ಇತ್ತಂತೆ. ಕನ್ನಡಕದ ಮೇಲೆ ಮಂಜು ಕೂತ ಏಕನಾಥರು ಆ ಬೋರ್ಡಿಗೆ ದಿನವೂ ಒರಗಿಕೊಂಡು ನಿಲ್ಲುತ್ತಿದ್ದರೇ ಹೊರತು ಓದಿರಲಿಲ್ಲ. ಫಾರಂ ತುಂಬುವಾಗ ಮೇಷ್ಟರು ಕ್ಲಾಸಿನಲ್ಲಿರಬಾರದೆಂಬುದು ನಿಯಮ. ಅವರು ಹೊರಗೆ ಬಂದು ಕಾರಿಡಾರಿನಲ್ಲಿ ನಿಂತರು. ಒಳಗಿನಿಂದ ಕಟಕಟ ಎಂದು ಸಕ್ಕರೆ ಅಚ್ಚು ಕಡಿಯುವ ಸದ್ದು ಕೇಳುತ್ತಿತ್ತು.

ವಾರ ಕಳೆದು ಅಂಕ ಬಂತು. ನಾಲ್ಕು ಪಾಯಿಂಟ್ ಎಂಟು. ಇಡೀ ಕಾಲೇಜಿಗೆ ಮೊದಲು.

ಮಂಗನ ಕೈಗೆ ಮಾಣಿಕ್ಯ ಸಿಕ್ಕಿತೆಂದು ನಾನು ಹೇಳಲಾರೆ, ಏಕನಾಥರ ಗಣಿತ ಅಷ್ಟು ಕೆಟ್ಟದ್ದೇನಲ್ಲ. ಆದರೆ ಅವರು ತಿರುಗಿದ ರೀತಿ ಸ್ವಲ್ಪ ಹಾಗೇ ಇತ್ತೆನ್ನಬೇಕು. ಇಷ್ಟು ವರ್ಷ ಹೇಳಿಕೊಟ್ಟದ್ದು ಈಗ ಫಲ ಕೊಟ್ಟಿತು ಎಂದು ಬಸ್ಸಿನ ಡ್ರೈವರಿಗೂ ಹೇಳಿದರು. ಡೈರೆಕ್ಟರು ಸಭೆ ಕರೆದು, ನಿಮ್ಮ ಬೋಧನಾಕ್ರಮವನ್ನು ಎಲ್ಲರಿಗೂ ವಿವರಿಸಿ ಎಂದರು. ಏಕನಾಥರು ಎದ್ದು ನಿಂತು, ಹುಡುಗರಿಗೆ ಮನೆಯದೆನ್ನುವ ಭಾವನೆ ಬರಬೇಕು ಎಂದು ಬಾಯಿಗೆ ಬಂದದ್ದು ಹೇಳಿದರು. ಸಬರ್‌ವಾಲ್ ಸಾಹೇಬರು ಅದನ್ನು ಬರೆದುಕೊಂಡರು. ಮನೆಯಲ್ಲಿ ವಿಮಲಾ ಶಾವಿಗೆ ಪಾಯಸ ಮಾಡಿದರು. ಮಹಡಿಯ ಮೇಲಿನ ನಾರಾಯಣಸ್ವಾಮಿಗಳು ಇಳಿದು ಬಂದು, ಚಾಣಕ್ಯಪುರಿಯ ನಮ್ಮ ರಾಜ್ಯದ ಭವನದಲ್ಲಿ ಒಂದು ಸಣ್ಣ ಸನ್ಮಾನ ಇಟ್ಟುಕೊಳ್ಳೋಣ, ಶಾಲು ನನ್ನ ಹತ್ತಿರ ಇದೆ ಎಂದರು.

ಆ ಶಾಲು ಟ್ರಂಕಿನಿಂದ ಹೊರಗೆ ಬರಲಿಲ್ಲ. ಯಾಕೆಂದರೆ ಫಾರಮ್ಮಿನ ಕೆಳಗೆ ಅಭಿಪ್ರಾಯ ಬರೆಯಲು ಮೂರು ಗೆರೆ ಜಾಗವಿತ್ತು. ಸಬರ್‌ವಾಲ್ ಸಾಹೇಬರು ಏಕನಾಥರ ಬೋಧನಾಕ್ರಮದ ಗುಟ್ಟು ತಿಳಿಯಲೆಂದು ಕೂತು ಅವನ್ನು ಓದಿದರು. ಸರ್ ತುಂಬಾ ಸಿಹಿ ಎಂದು ಒಬ್ಬ ಬರೆದಿದ್ದ. ಇನ್ನೊಬ್ಬ, ಕೊಬ್ಬರಿ ಬಹಳ ಚೆನ್ನಾಗಿತ್ತು, ಎಳ್ಳು ಮಾತ್ರ ಸ್ವಲ್ಪ ಹೆಚ್ಚು ಹುರಿದಿದೆ ಎಂದಿದ್ದ. ಮೂರನೆಯವನು, ಸರ್ ಹೇಳಿದಂತೆ ಒಳ್ಳೆಯದನ್ನೇ ಬರೆದಿದ್ದೇನೆ, ಇನ್ನೊಂದು ಪೊಟ್ಟಣ ಸಿಗಬಹುದೇ ಎಂದು ವಿಚಾರಿಸಿದ್ದ. ಅದೇ ಮಧ್ಯಾಹ್ನ ತ್ಯಾಗಿ ಒಂದು ದೂರು ಕೊಟ್ಟ. ಎಳ್ಳು ಬಿಟ್ಟು ಕೊಬ್ಬರಿ ತಿಂದವನ ನಾಲಗೆ ಅಷ್ಟು ಬೇಗ ತಿರುಗುತ್ತದೆಂದು ಏಕನಾಥರಿಗೇನು ಗೊತ್ತು.

ಮರುದಿನ ಕಾರಣ ಕೇಳಿ ನೋಟೀಸು ಬಂತು. ಅಂಕ ಕೊಡುವುದಕ್ಕೆ ಕೆಲವೇ ನಿಮಿಷ ಮೊದಲು ವಿದ್ಯಾರ್ಥಿಗಳಿಗೆ ತಿನ್ನುವ ಪದಾರ್ಥ ಹಂಚಿ, ಪ್ರತಿಯಾಗಿ ಒಳ್ಳೆಯ ಮಾತು ಬೇಡಿದ್ದೀರಿ, ಇದು ಲಂಚ ಯಾಕಲ್ಲ ತಿಳಿಸಿ ಎಂದು ಅದರಲ್ಲಿತ್ತು. ಹುಡುಗರು ಬರೆದ ಅಭಿಪ್ರಾಯಗಳ ನಕಲೂ ಜೊತೆಗಿತ್ತು. ಏಕನಾಥರು ಡೈರೆಕ್ಟರ ಕೋಣೆಗೆ ಓಡಿ, ಇದು ನಮ್ಮ ಕಡೆಯ ಸಂಪ್ರದಾಯ, ಎಲ್ಲರಿಗೂ ಹಾಗೇ ಹೇಳುತ್ತೇವೆ ಎಂದು ಬೇಡಿಕೊಂಡರು. ಸಬರ್‌ವಾಲ್ ಸಾಹೇಬರು ಶಾಂತವಾಗಿ ಕೇಳಿಸಿಕೊಂಡರು.

"ನೋಡಿ ಪ್ರೊಫೆಸರ್ ಸಾಹೇಬ್, ನಾವೂ ನಮ್ಮ ಲೋಹ್ರಿ ಹಬ್ಬಕ್ಕೆ ರೇವಡಿ ಹಂಚುತ್ತೇವೆ. ಅದೂ ಎಳ್ಳೇ. ಆದರೆ ತಿಂದವರ ಹತ್ತಿರ ನಾವು ಏನೂ ಕೇಳುವುದಿಲ್ಲ."

ಏಕನಾಥರು ನೋಟೀಸನ್ನು ಮಡಿಸಿ ಜೇಬಿಗಿಟ್ಟುಕೊಂಡು ಹೊರಗೆ ಬಂದರು. ನಿಜ ಹೇಳಬೇಕೆಂದರೆ ಡೈರೆಕ್ಟರ ಮಾತಿನಲ್ಲಿ ನನಗೂ ತಪ್ಪು ಕಾಣುವುದಿಲ್ಲ.

ಮನೆಯಲ್ಲಿ ವಿಮಲಾ ನೋಟೀಸನ್ನೂ ನಕಲನ್ನೂ ಓದಿದರು. ಖಾಯಂ ಆಗುವುದು ತಪ್ಪುತ್ತದೆನ್ನುವ ಚಿಂತೆ ಒಂದು ಕಡೆ ಇರಲಿ, ಎಳ್ಳು ಹೆಚ್ಚು ಹುರಿದಿದೆ ಎಂದವನು ಯಾರು ಎಂಬುದು ಅವರಿಗೆ ಮುಖ್ಯವಾಗಿತ್ತು. ಕೊನೆಗೆ ಕಣ್ಣಲ್ಲಿ ನೀರು ತಂದುಕೊಂಡು ಒಂದೇ ಮಾತು ಕೇಳಿದರು.

"ಲಂಚ ಕೊಡೋ ಹಾಗಿದ್ರೆ ಅಷ್ಟು ಸಣ್ಣಗೆ ಯಾಕ್ರೀ ಹೆಚ್ಚಬೇಕಿತ್ತು? ದಪ್ಪ ದಪ್ಪ ಕೊಚ್ಚಿ ಹಾಕ್ತಿದ್ದೆ."

ಇಂಟರ್ನೆಟ್ಟಿನ ಆರ್ಕುಟ್‌ನಲ್ಲಿ ಯಾರೋ ತಿಲ್‌ವಾಲೇ ಸರ್, ಎಳ್ಳಿನ ಮೇಷ್ಟರು, ಎಂದು ಅಪ್ಪನ ಹೆಸರಿನಲ್ಲಿ ಗುಂಪು ಕಟ್ಟಿದ್ದಾರೆ, ಆಲ್ರೆಡಿ ಬಹಳ ಜನ ಸೇರಿದ್ದಾರೆ ಎಂದು ಗಗನಾ ಸಮಾಚಾರ ತಂದಳು. ಗಾಯದ ಮೇಲೆ ಬರೆ ಎಳೆದಂತಾಯಿತು.

ಆಗ ಮೇಲಿನಿಂದ ಇಳಿದು ಬಂದರು ನಾರಾಯಣಸ್ವಾಮಿಗಳು. ಅವರು ಒಂದು ಸಚಿವಾಲಯದ ವಿಜಿಲೆನ್ಸ್ ವಿಭಾಗದಲ್ಲಿ ಸೆಕ್ಷನ್ ಆಫೀಸರು. ಜೀವಮಾನವೆಲ್ಲ ಬೇರೆಯವರಿಗೆ ಕಾರಣ ಕೇಳಿ ನೋಟೀಸು ಕಳಿಸಿದವರು. ಉತ್ತರ ಬರೆಯುವ ಭಾಗ್ಯ ಅವರಿಗೆ ಒಂದು ಸಲವೂ ಬಂದಿರಲಿಲ್ಲ. ನೋಟೀಸನ್ನು ಬೆಳಕಿಗೆ ಹಿಡಿದು ನೋಡಿ, ಮಗು ನೋಡಲು ಬಂದ ಅಜ್ಜಿಯ ಹಾಗೆ ಖುಷಿಪಟ್ಟರು. ನೀವು ಸುಮ್ಮನೆ ಕೂತಿರಿ ಏಕನಾಥ್ ಅವರೇ, ಇದನ್ನು ನನಗೆ ಬಿಡಿ ಎಂದರು. ಗಣಪತಿಯನ್ನು ಮಾಡಲು ಹೋಗಿ ಅವರಪ್ಪನನ್ನು ಮಾಡುವುದು ಅಂದರೆ ಏನೆಂದು ಆ ಶನಿವಾರ ಭಾನುವಾರ ಲೋಧಿ ಕಾಲೋನಿ ನೋಡಿತು.

ಉತ್ತರ ಉದ್ದವಾಗಿ ಬೆಳೆಯಿತು. ಎಳ್ಳು ಹಂಚಿದ್ದನ್ನು ಅಲ್ಲಗಳೆಯುವುದಿಲ್ಲ, ಆದರೆ ಒಪ್ಪಿಕೊಂಡಂತೆಯೂ ಭಾವಿಸತಕ್ಕದ್ದಲ್ಲ ಎಂದು ಮೊದಲು ಬರೆದರು. ಒಳ್ಳೆಯ ಮಾತು ಕೇಳಿದ್ದು ಬಾಯಿಮಾತಿನಲ್ಲಿ, ಲಿಖಿತದಲ್ಲಲ್ಲ, ಆದ್ದರಿಂದ ಅದಕ್ಕೆ ದಾಖಲೆಯಿಲ್ಲ ಎಂದು ಆಮೇಲೆ ಬರೆದರು. ಇದನ್ನು ಬರೆಯುವ ಮೂಲಕ ನಾವೇ ದಾಖಲೆ ಮಾಡಿಕೊಟ್ಟ ಹಾಗಾಗುತ್ತದಲ್ಲ ಎಂದು ಏಕನಾಥರು ಮೆಲ್ಲಗೆ ಕೇಳಿದರು. ನಾರಾಯಣಸ್ವಾಮಿಗಳು ಕನ್ನಡಕದ ಮೇಲಿನಿಂದ ಒಮ್ಮೆ ನೋಡಿ ಮುಂದಿನ ಪ್ಯಾರಾಕ್ಕೆ ಹೋದರು. ಎಳ್ಳು ಬೀರುವುದು ಹೆಂಗಸರು ಮಕ್ಕಳ ಕೆಲಸ, ಗಂಡಸು ಬೀರಿದ್ದು ಕ್ರಮ ತಪ್ಪಿದ್ದು ಹೌದು, ಆದರೆ ಆ ತಪ್ಪು ಸಂಪ್ರದಾಯದ ವಿರುದ್ಧವೇ ವಿನಾ ಕಾಲೇಜಿನ ವಿರುದ್ಧವಲ್ಲ ಎನ್ನುವುದು ಅವರಿಗೆ ಬಹಳ ಇಷ್ಟವಾದ ವಾದ. ಅದನ್ನು ವಿಮಲಾಗೆ ಎರಡು ಸಲ ಓದಿ ಹೇಳಿದರು. ಕೊನೆಯಲ್ಲಿ, ವಿವಾದಿತ ಪದಾರ್ಥದ ಮಾದರಿಯನ್ನು ಪರಿಶೀಲನೆಗಾಗಿ ಲಗತ್ತಿಸಿದೆ ಎಂದು ಬರೆದು, ಡಬ್ಬಿಯಲ್ಲಿ ಉಳಿದಿದ್ದ ಎಳ್ಳುಬೆಲ್ಲವನ್ನು ಕವರಿಗೆ ತುಂಬಿ ಅರಗು ಹಾಕಿ ಮುದ್ರೆ ಒತ್ತಿದರು.

ವಿಚಾರಣಾ ಸಮಿತಿಯಲ್ಲಿ ಮೂರು ಜನ. ಡೈರೆಕ್ಟರು, ಭೌತಶಾಸ್ತ್ರದ ಹಿರಿಯ ಮೇಡಮ್ಮು, ಮತ್ತು ದೂರು ಕೊಟ್ಟ ತ್ಯಾಗಿ. ದೂರು ಕೊಟ್ಟವನೇ ತೀರ್ಪು ಕೊಡುವುದೇ ಎಂದು ನೀವು ಕೇಳಬಹುದು. ಮಂಜಿನ ದೆಸೆಯಿಂದ ಬೇರೆ ಯಾರೂ ಬಂದಿರಲಿಲ್ಲ. ಅವರು ಉತ್ತರವನ್ನು ಓದಲು ತೊಡಗಿದರು. ಉತ್ತರ ಮುಗಿಯುತ್ತಿರಲಿಲ್ಲ. ಮಧ್ಯಾಹ್ನದ ಊಟದ ಹೊತ್ತು ದಾಟಿತು. ಎದುರಿಗೆ ಸ್ಟೂಲಿನ ಮೇಲೆ ಕೂತ ಏಕನಾಥರು ನೋಡುತ್ತಿದ್ದ ಹಾಗೇ, ಮೇಡಮ್ಮು ಅರಗು ಒಡೆದು ಮಾದರಿಯನ್ನು ಪರಿಶೀಲಿಸಿದರು. ಬಾಯಲ್ಲಿಟ್ಟುಕೊಂಡು ಪರಿಶೀಲಿಸಿದರು. ಡೈರೆಕ್ಟರೂ ಪರಿಶೀಲಿಸಿದರು. ತ್ಯಾಗಿ ಮೊದಲಿನ ಹಾಗೇ ಎಳ್ಳು ಬಿಟ್ಟು ಪರಿಶೀಲಿಸಿದ. ಕವರು ಖಾಲಿಯಾಯಿತು. ಇದನ್ನು ಮಾಡಿದವರು ಯಾರು, ಬಹಳ ಚೆನ್ನಾಗಿದೆ ಎಂದು ಮೇಡಮ್ಮು ಬಾಯಿಬಿಟ್ಟು ಹೇಳಿದರು.

ಹೇಳಿದ ಮೇಲೆ ಅವರಿಗೇ ಹೊಳೆಯಿತು. ತಿಂದು ಒಳ್ಳೆಯ ಮಾತಾಡಿ ಆಗಿಹೋಗಿತ್ತು. ಈಗ ಸಮಿತಿ ಏಕನಾಥರ ಪರವಾಗಿ ತೀರ್ಪು ಕೊಟ್ಟರೆ ಸಮಿತಿಗೂ ಲಂಚ ಮುಟ್ಟಿದೆ ಎಂದಾಗುತ್ತದೆ. ವಿರುದ್ಧ ಕೊಡೋಣವೆಂದರೆ ಸಾಕ್ಷ್ಯವೇ ಹೊಟ್ಟೆ ಸೇರಿದೆ. ಮೂವರೂ ಒಬ್ಬರ ಮುಖ ಒಬ್ಬರು ನೋಡಿಕೊಂಡರು. ಕೊನೆಗೆ ಡೈರೆಕ್ಟರು ಗಂಟಲು ಸರಿಪಡಿಸಿಕೊಂಡು, ಹಳೆಯ ಅಂಕ ರದ್ದು, ಎಲ್ಲರಿಗೂ ಹೊಸದಾಗಿ ತೆಗೆಯೋಣ, ಆ ದಿನ ಏಕನಾಥರು ತಿನ್ನುವ ಪದಾರ್ಥ ಯಾವುದನ್ನೂ ಕಾಲೇಜಿನೊಳಗೆ ತರಕೂಡದು ಎಂದು ಅಪ್ಪಣೆ ಮಾಡಿದರು.

ಅಪ್ಪಣೆಯಲ್ಲಿ ಇದ್ದದ್ದು ಏಕನಾಥರ ಹೆಸರು ಮಾತ್ರ. ಉಳಿದವರಿಗೆ ಅಷ್ಟೇ ಸಾಕಾಯಿತು. ಅಂಕ ತೆಗೆಯುವ ದಿನ ತ್ಯಾಗಿ ಬಿಸಿ ಸಮೋಸದ ಬುಟ್ಟಿ ಹೊರಿಸಿಕೊಂಡು ಬಂದ. ತನ್ನ ಹುಟ್ಟಿದ ಹಬ್ಬ ಎಂದ. ಎಲೆಕ್ಟ್ರಾನಿಕ್ಸಿನವರಿಗೂ ಅದೇ ದಿನ ಹುಟ್ಟಿದ ಹಬ್ಬ, ಅಲ್ಲಿ ಕೇಕು. ಭೌತಶಾಸ್ತ್ರದ ಮೇಡಮ್ಮು ಮನೆಯಿಂದ ಗಾಜರ್ ಹಲ್ವಾ ತಂದು, ಶಾಖ ಹರಡುವ ಬಗೆಯನ್ನು ಪ್ರಯೋಗದ ಮೂಲಕ ತೋರಿಸಿದರು. ಕ್ಯಾಂಟೀನಿನ ಭಯ್ಯಾ ಅಷ್ಟು ವ್ಯಾಪಾರವನ್ನು ಜನ್ಮದಲ್ಲಿ ಕಂಡಿರಲಿಲ್ಲ. ಗೇಟಿನ ಕಾವಲುಗಾರ ಏಕನಾಥರೊಬ್ಬರನ್ನೇ ನಿಲ್ಲಿಸಿ, ಚೀಲ ತಡಕಿ, ಅವರ ಊಟದ ಡಬ್ಬಿಯನ್ನು ತನ್ನ ಹತ್ತಿರ ಇಟ್ಟುಕೊಂಡ. ಅದರಲ್ಲಿದ್ದದ್ದು ಮೊಸರನ್ನ. ಮೊಸರನ್ನ ತಿಂದು ಯಾರೂ ಹೆಚ್ಚು ಅಂಕ ಕೊಡುವುದಿಲ್ಲವಪ್ಪಾ ಎಂದರೂ ಕೇಳಲಿಲ್ಲ.

ಕ್ಲಾಸಿಗೆ ಹೋದರೆ ಹುಡುಗರೆಲ್ಲ ಅವರ ಕೈ ನೋಡಿದರು. ಏಕನಾಥರು ಎರಡೂ ಕೈ ಬಿಚ್ಚಿ ತೋರಿಸಿದರು. ಇವತ್ತು ಏನೂ ಇಲ್ಲ ಮಕ್ಕಳೇ, ಗಣಿತ ಮಾತ್ರ ಇದೆ ಎಂದರು. ಆ ಮಾತನ್ನು ಬೇಸರದಿಂದ ಹೇಳಿದರೋ ದಣಿವಿನಿಂದ ಹೇಳಿದರೋ ಅವರಿಗೇ ಗೊತ್ತಿಲ್ಲ. ಅಂಕ ಬಂತು. ಎರಡು ಪಾಯಿಂಟ್ ಎರಡು. ಉಳಿದವರದೆಲ್ಲ ನಾಲ್ಕು ಪಾಯಿಂಟ್ ಎಂಟು, ನಾಲ್ಕು ಪಾಯಿಂಟ್ ಒಂಬತ್ತು. ಸಮೋಸದ ತ್ಯಾಗಿಗೆ ಪೂರ್ತಿ ಐದು.

ಆಮೇಲಿನ ದಿನಗಳು ಏಕನಾಥರಿಗೆ ಯಾಕಾದರೂ ಬಂದವೋ ಅನ್ನಿಸಿದವು. ಮಾರ್ಚಿ ಬರುತ್ತಿತ್ತು. ಮನೆಗೆ ಕಳಿಸುವ ಕಾಗದ ಯಾವ ದಿನ ಕೈಗೆ ಬರುತ್ತದೋ ಎಂದು ಜವಾನನ ಚಪ್ಪಲಿ ಸದ್ದಿಗೆ ಬೆಚ್ಚುತ್ತಿದ್ದರು. ವಿಮಲಾ ಗಂಡನಿಗೆ ಗೊತ್ತಾಗದ ಹಾಗೆ ತಮ್ಮ ಕಚೇರಿಯಲ್ಲಿ ಮಕ್ಕಳ ಗಣಿತದ ಪಾಠಕ್ಕೆ ಯಾರಾದರೂ ಬೇಕಾ ಎಂದು ವಿಚಾರಿಸುತ್ತಿದ್ದರು. ಅದು ಅವರಿಗೆ ಗೊತ್ತಾಗಿತ್ತು. ಗೊತ್ತಾಗಿದೆ ಎಂದು ತೋರಿಸಿಕೊಳ್ಳಲಿಲ್ಲ, ಅಷ್ಟೇ. ನಾರಾಯಣಸ್ವಾಮಿಗಳು ಮಾತ್ರ ಉತ್ಸಾಹದಲ್ಲಿದ್ದರು. ಕಾಗದ ಬರಲಿ, ಮೇಲ್ಮನವಿ ಬರೆಯೋಣ ಎಂದು ದಿನವೂ ಮೆಟ್ಟಿಲ ಮೇಲೆ ನಿಂತು ಧೈರ್ಯ ಹೇಳುತ್ತಿದ್ದರು.

ಕಾಗದಕ್ಕಿಂತ ಮೊದಲು ಕಾಲೇಜಿಗೆ ಮಾನ್ಯತೆ ಕೊಡುವ ತಂಡ ಬಂತು. ಹೂಗುಚ್ಛ ಕೊಟ್ಟಾಯಿತು, ಗೋಡೆಗೆ ಸುಣ್ಣ ಬಳಿದಾಗಿತ್ತು. ತಂಡದ ಅಧ್ಯಕ್ಷರು ಮುದುಕರು, ಎಂಥೆಂಥ ಕಾಲೇಜನ್ನೋ ಅರೆದು ಕುಡಿದವರು. ಮೇಷ್ಟರುಗಳ ಅಂಕದ ಪಟ್ಟಿ ನೋಡುತ್ತಾ ಹೋದರು. ನಾಲ್ಕು ಪಾಯಿಂಟ್ ಒಂಬತ್ತು, ನಾಲ್ಕು ಪಾಯಿಂಟ್ ಎಂಟು, ಐದು. ಇದು ಹುಡುಗರು ಕೊಟ್ಟದ್ದೋ, ಮೇಷ್ಟರುಗಳು ತಾವೇ ಹಂಚಿಕೊಂಡದ್ದೋ ಎಂದು ಕೇಳಿದರು. ಸಬರ್‌ವಾಲ್ ಸಾಹೇಬರ ಹಣೆಯಲ್ಲಿ ಆ ಚಳಿಯಲ್ಲೂ ಬೆವರು ಬಂತು. ಅಷ್ಟರಲ್ಲಿ ಮುದುಕರ ಬೆರಳು ಪಟ್ಟಿಯ ಕೊನೆಗೆ ಬಂದು ನಿಂತಿತು. ಎರಡು ಪಾಯಿಂಟ್ ಎರಡು. ಅವರ ಮುಖ ಅರಳಿತು. ಇಂಥ ಅಂಕವನ್ನು ಮುಚ್ಚಿಡದೆ ತೋರಿಸುವ ಕಾಲೇಜು ಪ್ರಾಮಾಣಿಕವಾದದ್ದೇ ಇರಬೇಕು, ಈ ಮಹಾನುಭಾವರನ್ನು ನೋಡಬೇಕಲ್ಲ ಎಂದರು.

ಏಕನಾಥರನ್ನು ಕ್ಲಾಸಿನಿಂದ ಕರೆಸಿ, ಕೈಯ ಸೀಮೆಸುಣ್ಣ ಒರೆಸಿ ತಂಡದ ಎದುರು ನಿಲ್ಲಿಸಿದರು. ಎಲ್ಲರೂ ಅವರನ್ನು ಮೇಲಿನಿಂದ ಕೆಳಗೆ ನೋಡಿದರು. ಇಷ್ಟು ಕಡಿಮೆ ಬಂದರೂ ಇವರನ್ನು ಇಟ್ಟುಕೊಂಡಿದ್ದೀರಾ ಎಂದು ಮುದುಕರು ಕೇಳಿದರು. ನಮ್ಮದು ಮೇಷ್ಟರುಗಳನ್ನು ತಾಳ್ಮೆಯಿಂದ ಬೆಳೆಸುವ ಸಂಸ್ಥೆ ಎಂದು ಸಬರ್‌ವಾಲ್ ಸಾಹೇಬರು ಕಣ್ಣು ಮಿಟುಕಿಸದೆ ಹೇಳಿದರು. ಮಾನ್ಯತೆ ಸಿಕ್ಕಿತು.

ಮರುದಿನ ಡೈರೆಕ್ಟರ ಕೋಣೆಗೆ ಕರೆ ಬಂತು. ಏಕನಾಥರು ಮೇಜಿನ ಡ್ರಾಯರು ಖಾಲಿ ಮಾಡಿಕೊಂಡೇ ಹೋದರು. ಸಬರ್‌ವಾಲ್ ಸಾಹೇಬರು ಎದ್ದು ನಿಂತು ಕೈ ಕುಲುಕಿ ಒಂದು ಕವರು ಕೊಟ್ಟರು. ಒಳಗಿದ್ದದ್ದು ಖಾಯಂ ಮಾಡಿದ ಆಜ್ಞೆ. ಏಕನಾಥರು ಅದನ್ನು ಮೂರು ಸಲ ಓದಿದರು. ಗಣಿತದವರಾದ್ದರಿಂದ ಎಲ್ಲೋ ಲೆಕ್ಕ ತಪ್ಪಿದೆ ಅನ್ನಿಸಿ, ಸರ್, ನನ್ನದು ಎರಡು ಪಾಯಿಂಟ್ ಎರಡು ಎಂದು ನೆನಪು ಮಾಡಿಕೊಟ್ಟರು.

"ಅದಕ್ಕೇ," ಎಂದರು ಸಬರ್‌ವಾಲ್ ಸಾಹೇಬರು. "ಇಡೀ ಕಾಲೇಜಿನಲ್ಲಿ ನಂಬುವ ಹಾಗಿರುವ ಅಂಕ ಅದೊಂದೇ. ತಂಡ ಐದು ವರ್ಷಕ್ಕೆ ಮತ್ತೆ ಬರುತ್ತದೆ. ಅಲ್ಲಿಯವರೆಗೆ ದಯವಿಟ್ಟು ಇದನ್ನು ಕಾಪಾಡಿಕೊಳ್ಳಿ. ಎರಡೂವರೆ ದಾಟಿದರೆ ನಾವು ಮತ್ತೆ ಯೋಚನೆ ಮಾಡಬೇಕಾಗುತ್ತದೆ."

ಸಂತೋಷಪಡಬೇಕೋ ನಾಚಿಕೆಪಡಬೇಕೋ ತಿಳಿಯದೆ ಏಕನಾಥರು ಎರಡನ್ನೂ ಬಸ್ಸಿನಲ್ಲಿ ಸ್ವಲ್ಪ ಸ್ವಲ್ಪ ಪಟ್ಟರು. ಮನೆಯಲ್ಲಿ ವಿಮಲಾ ಆಜ್ಞೆಯನ್ನು ದೇವರ ಮುಂದಿಟ್ಟು ಕುಂಕುಮ ಹಚ್ಚಿದರು. ಷರತ್ತಿನ ಸುದ್ದಿ ಕೇಳಿ, ಹೋಗಲಿ ಬಿಡಿ, ನಿಮಗೆ ಅದೇನು ಕಷ್ಟವಲ್ಲ ಎಂದರು. ಸಮಾಧಾನ ಮಾಡಲೆಂದೇ ಹೇಳಿದ್ದು. ಮೇಲ್ಮನವಿಯ ಅಗತ್ಯವಿಲ್ಲ ಎಂದು ತಿಳಿದ ನಾರಾಯಣಸ್ವಾಮಿಗಳು ಮಾತ್ರ ಪೆಚ್ಚಾಗಿ ಮಹಡಿ ಹತ್ತಿದರು.

ಅಲ್ಲಿಂದ ಮುಂದೆ ಏಕನಾಥರಿಗೆ ಅಂಕದ ಹಂಗು ಉಳಿಯಲಿಲ್ಲ. ನಗಬೇಕಾಗಿರಲಿಲ್ಲ, ಜೋಕು ಹೇಳಬೇಕಾಗಿರಲಿಲ್ಲ. ಸಿಲಬಸ್ಸು ಮುಗಿಸುವ ಅವಸರವನ್ನೂ ಬಿಟ್ಟರು. ಡಿಫರೆನ್ಷಿಯಲ್ ಈಕ್ವೇಷನ್ನನ್ನು ತಾವು ಓದುವಾಗ ಎಲ್ಲಿ ಎಡವಿದ್ದರೋ ಅಲ್ಲಿಂದಲೇ ಶುರುಮಾಡಿದರು. ಒಂದು ಹೆಜ್ಜೆ ಹೇಳಿ, ನಿಂತು, ಹುಡುಗರ ಮುಖ ನೋಡಿ, ಮತ್ತೆ ಅದನ್ನೇ ಬೇರೆ ಬಗೆಯಲ್ಲಿ ಹೇಳಿದರು. ಹೊರಗೆ ಮಂಜು ಕರಗಿ ಬಿಸಿಲು ಬಂದಿತ್ತು. ಯಾವಾಗಲೂ ಹಿಂದಿನ ಬೆಂಚಿನಲ್ಲಿ ಮಲಗುತ್ತಿದ್ದವರು ಎದ್ದು ಕೂತಿದ್ದರು, ಅದನ್ನು ಅವರು ಗಮನಿಸಲಿಲ್ಲ.

ಗಂಟೆ ಹೊಡೆಯಿತು. ಯಾರೂ ಏಳಲಿಲ್ಲ. ಮೂರನೆಯ ಬೆಂಚಿನ ಪಂಖುಡಿ ಎಂಬ ಹುಡುಗಿ, ಮೇರಠಿನವಳು, ಎರಡು ಸಲ ಗಣಿತದಲ್ಲಿ ಫೇಲಾದವಳು, ನಿಂತುಕೊಂಡು ತನ್ನ ಹಿಂದಿಯಲ್ಲಿ ಇಷ್ಟೇ ಹೇಳಿದಳು.

"ಸರ್, ಇವತ್ತು ನನಗೆ ಪೂರ್ತಿ ಅರ್ಥವಾಯಿತು. ಮೊದಲ ಸಲ."

ನನಗೂ, ನನಗೂ ಎಂದು ಹಿಂದಿನ ಬೆಂಚುಗಳಿಂದ ಕೇಳಿಬಂತು. ಈ ಒಂದು ಮಾತಿಗಾಗಿ ಏಕನಾಥರು ಮೇಷ್ಟರಾದ ದಿನದಿಂದ ಕಾದಿದ್ದರು. ಕಣ್ಣು ತುಂಬಿತು. ಕೈಯ ಸೀಮೆಸುಣ್ಣ ಕೆಳಗಿಟ್ಟು, ಮೆಲ್ಲಗೆ ನಡೆದು ಹೋಗಿ, ಕಾರಿಡಾರಿನಲ್ಲಿ ಯಾರಾದರೂ ಇದ್ದಾರಾ ಎಂದು ಆಚೆ ಈಚೆ ನೋಡಿ, ಬಾಗಿಲು ಹಾಕಿಕೊಂಡು ಬಂದರು.

"ಬಹಳ ಸಂತೋಷ ಮಗಳೇ," ಎಂದರು. "ಹೊರಗೆ ಯಾರಿಗೂ ಹೇಳಬೇಡಿ."